‘ಕ್ಲೋಸ್’ ಎಷ್ಟು ಹತ್ತಿರ?

ಅಂಗಡಿ ಬಾಗಿಲಿಗೆ ‘ಕ್ಲೋಸ್’ ಎಂದು ಬೋರ್ಡು ನೇತುಹಾಕುವುದು ನಮ್ಮ ಪೇಟೆಗಳಲ್ಲಿ ಮಾಮೂಲು. ಮುಚ್ಚಿದೆ ಎನ್ನಲು ‘ಕ್ಲೋಸ್ಡ್’ ಬೇಕು. ಬರೀ ‘ಕ್ಲೋಸ್’ ಅಂದರೆ ‘ಮುಚ್ಚು’ ಎಂಬ ಅಪ್ಪಣೆ, ಇಲ್ಲವೇ ‘ಹತ್ತಿರ’. ಬೋರ್ಡು ಬರೆದವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಎರಡರ ಸ್ಪೆಲ್ಲಿಂಗೂ ಒಂದೇ, ಬೇರೂ ಒಂದೇ. ಲ್ಯಾಟಿನ್ನಿನಲ್ಲಿ ‘ಮುಚ್ಚಿದ್ದು’ ಎಂಬರ್ಥದ ‘ಕ್ಲೌಸುಸ್’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಎರಡು ವಸ್ತುಗಳ ನಡುವಿನ ಸಂದಿ ಮುಚ್ಚಿಹೋದರೆ ಅವು ಹತ್ತಿರವಾದಂತೆ ತಾನೇ? ಈ ಸಂದಿಯೊಂದನ್ನು ನೆನಪಿಟ್ಟರೆ ‘ಕ್ಲೋಸ್’ನ ನುಡಿಗಟ್ಟುಗಳನ್ನು ಉರುಹೊಡೆಯಬೇಕಿಲ್ಲ.

ಮೊದಲು ಉಚ್ಚಾರ. ‘ಹತ್ತಿರ’ ಎಂಬರ್ಥದಲ್ಲಿ ಕೊನೆಯ ದನಿ ಶುದ್ಧ ‘ಸ್’. ‘ಮುಚ್ಚು’ ಎಂಬರ್ಥದಲ್ಲಿ ಅದು ‘ಜ಼್’. ಕನ್ನಡದಲ್ಲಿ ಈ ದನಿ ಇಲ್ಲದ ಕಾರಣ ಎರಡನ್ನೂ ‘ಸ್’ ಮಾಡುವುದು ಅಥವಾ ಎರಡನೆಯದನ್ನು ‘ಜ್’ ಮಾಡುವುದು ನಮ್ಮ ಅಭ್ಯಾಸ. ಗಂಟಲಿನ ಮೇಲೆ ಬೆರಳಿಟ್ಟು ‘ಸ್‌ಸ್‌ಸ್’ ಎಳೆಯಿರಿ, ಬೆರಳಿಗೆ ಏನೂ ತಿಳಿಯುವುದಿಲ್ಲ. ನಾಲಿಗೆ ಕದಲಿಸದೆ ಅದಕ್ಕೇ ದನಿ ಕೂಡಿಸಿದರೆ ಗಂಟಲು ನಡುಗುತ್ತದೆ; ಅದೇ ‘ಜ಼್’. ಕ್ರಿಕೆಟ್ಟಿನಲ್ಲಿ ಎರಡೂ ಸಿಗುತ್ತವೆ. ಬ್ಯಾಟರ್‌ನ ಮೂಗಿನಡಿ ನಿಲ್ಲುವ ‘ಕ್ಲೋಸ್-ಇನ್ ಫೀಲ್ಡರ್’ ‘ಸ್’ ಗುಂಪಿನವನು: 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆಯ ಹತ್ತನೇ ವಿಕೆಟ್ಟಿಗೆ ವಾಸಿಮ್ ಅಕ್ರಮ್ ಕೊಟ್ಟ ಕ್ಯಾಚನ್ನು ಶಾರ್ಟ್ ಲೆಗ್‌ನಲ್ಲಿ ಹಿಡಿದ ಲಕ್ಷ್ಮಣ್ ಅಂಥ ಫೀಲ್ಡರ್. ದಿನದಾಟ ಮುಗಿಯುವ ‘ಕ್ಲೋಸ್ ಆಫ್ ಪ್ಲೇ’ ಮಾತ್ರ ‘ಜ಼್’. ಹಾಗೆಯೇ ಫೋಟೊದ ‘ಕ್ಲೋಸ್-ಅಪ್’ಗೆ ‘ಸ್’, ಅಂಗಡಿ ‘ಕ್ಲೋಸ್ ಅಪ್’ ಮಾಡುವುದಕ್ಕೆ ‘ಜ಼್’.

ಇನ್ನು ನುಡಿಗಟ್ಟು. ‘ಕ್ಲೋಸ್ ಶೇವ್’ ಅಂದರೆ ಕತ್ತಿಗೂ ಚರ್ಮಕ್ಕೂ ನಡುವೆ ಏನೂ ಉಳಿಯದ ಕ್ಷೌರ. ಅಪಾಯ ಮೈಸವರಿ ಹೋದಾಗ ಬಳಸುತ್ತಾರೆ. ನಾವು ‘ಕೂದಲೆಳೆಯಲ್ಲಿ ಪಾರಾದ’ ಎನ್ನುತ್ತೇವಲ್ಲ, ಅದೇ. ‘ಕ್ಲೋಸ್ ಕಂಟೆಸ್ಟ್’ಗೆ ಕರ್ನಾಟಕಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ: 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಆದರೆ ಎಣಿಕೆ ನಡೆಯುವಾಗಲೇ ಯಾರು ಗೆಲ್ಲುತ್ತಾರೆಂದು ಹೇಳಲಾಗದ ಸ್ಥಿತಿಗೆ ‘ಟೂ ಕ್ಲೋಸ್ ಟು ಕಾಲ್’ ಎನ್ನಬೇಕು. ಫಲಿತಾಂಶ ಬಂದ ಮೇಲೆ ಆ ಮಾತು ಸಲ್ಲದು.

ಮುಚ್ಚಿದ ಅರ್ಥ ಇನ್ನೂ ಗಟ್ಟಿಯಾಗಿ ಉಳಿದಿರುವ ಕಡೆ ನಮ್ಮವರು ತಪ್ಪು ಓದುವುದು ಹೆಚ್ಚು. ‘ಕ್ಲೋಸ್-ಫಿಸ್ಟೆಡ್’ ಎಂದರೆ ಮುಷ್ಟಿ ಬಿಚ್ಚದವನು, ಜಿಪುಣ. ಬ್ರಿಟನ್ನಿನವರು ‘ಇಟ್ಸ್ ಕ್ಲೋಸ್ ಟುಡೇ’ ಅಂದರೆ ಏನೂ ಹತ್ತಿರ ಬಂದಿಲ್ಲ. ಗಾಳಿ ಆಡದೆ ಸೆಕೆಯಾಗಿದೆ, ಮೇ ತಿಂಗಳ ಮಂಗಳೂರಿನ ಹಾಗೆ. ಎಡಿನ್‌ಬರೋದ ಹಳೇ ಪೇಟೆಯಲ್ಲಿ ‘ಕ್ಲೋಸ್’ ಎಂದರೆ ಎತ್ತರದ ಮನೆಗಳ ನಡುವಿನ ಇಕ್ಕಟ್ಟಾದ ಓಣಿ.

‘ಸೇಲಿಂಗ್ ಕ್ಲೋಸ್ ಟು ದ ವಿಂಡ್’ ಕೊಂಚ ವಿವರ ಬೇಡುತ್ತದೆ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು, ಓರೆಯಾಗಿ ಹೋಗಬೇಕು. ಓರೆ ಕಡಿಮೆ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಹಾಯಿ ಪಟಪಟ ಬಡಿದು ದೋಣಿ ವೇಗ ಕಳೆದುಕೊಳ್ಳುತ್ತದೆ. ಅದಕ್ಕೆ ಸ್ವಲ್ಪವೇ ಮೊದಲಿನ ಸ್ಥಿತಿ ಇದು. ಕಾನೂನಿನ ಗೆರೆ ದಾಟದೆ, ಆದರೆ ಅದನ್ನು ಉಜ್ಜಿಕೊಂಡೇ ವ್ಯವಹಾರ ಮಾಡುವವನ ಬಗ್ಗೆ ಹೇಳುವ ಮಾತು. ‘ಗಾಳಿ ಬಂದಾಗ ತೂರಿಕೋ’ ಎಂದು ಅನುವಾದಿಸಿದರೆ ಅರ್ಥ ಪೂರಾ ಕೆಟ್ಟಿತು.

‘ನಿಯರ್’ನ ಜಾಯಮಾನ ಬೇರೆ. ಅದು ದೂರ ಅಳೆಯುತ್ತದೆ. ಅಂಗಾಂಗ ಕಸಿಯ 1994ರ ಕಾಯ್ದೆ ‘ನಿಯರ್ ರಿಲೇಟಿವ್’ ಎಂದು ಬಳಸಿ, ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು ಎಂದು ಪಟ್ಟಿ ಕೊಟ್ಟಿತು. 2011ರ ತಿದ್ದುಪಡಿ ಅಜ್ಜ ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು. ಇಪ್ಪತ್ತು ವರ್ಷ ಮಾತೇ ಆಡದ ಅಣ್ಣನೂ ಕಾನೂನಿಗೆ ‘ನಿಯರ್’, ಆದರೆ ‘ಕ್ಲೋಸ್’ ಅಲ್ಲ. ಸ್ನೇಹಿತರನ್ನು ‘ನಿಯರ್ ಫ್ರೆಂಡ್’ ಎನ್ನುವುದಿಲ್ಲ ಏಕೆಂಬುದಕ್ಕೂ ಇದೇ ಉತ್ತರ. ಬಳಕೆಯಲ್ಲಿ ‘ಕ್ಲೋಸ್’ ಮುಂದೆ ‘ಟು’ ಬೇಕು: ‘ಕ್ಲೋಸ್ ಟು ದ ಬ್ಯಾಂಕ್’. ‘ನಿಯರ್ ದ ಬ್ಯಾಂಕ್’ಗೆ ‘ಟು’ ಬೇಕಾಗಿಲ್ಲ. ‘ನಿಯರ್‌ಬೈ ಟು’ ಮಾತ್ರ ಯಾವ ಕಾಲಕ್ಕೂ ಬೇಡ.

ಕನ್ನಡದ ‘ಹತ್ತಿರ’ ಇಲ್ಲೊಂದು ಗುಂಡಿ ತೋಡಿದೆ. ‘ನನ್ನ ಹತ್ತಿರ ದುಡ್ಡಿಲ್ಲ’, ‘ಅಪ್ಪನ ಹತ್ತಿರ ಕೇಳು’ ಎಂಬಲ್ಲಿ ದೂರದ ಮಾತೇ ಇಲ್ಲ. ಮೊದಲನೆಯದಕ್ಕೆ ‘ಹ್ಯಾವ್’ ಸಾಕು, ಎರಡನೆಯದಕ್ಕೆ ಬರೀ ‘ಆಸ್ಕ್ ಯುವರ್ ಫಾದರ್’. ‘ಹತ್ತಿರ ಹತ್ತಿರ ಐನೂರು ಜನ’ ಎಂಬುದಕ್ಕೆ ‘ನಿಯರ್ಲಿ’ ಅಥವಾ ‘ಕ್ಲೋಸ್ ಟು’, ಎರಡೂ ಒಪ್ಪುತ್ತವೆ. ‘ಕ್ಲೋಸ್ಲಿ’ ಒಪ್ಪುವುದಿಲ್ಲ. ಅದು ಗಮನಕ್ಕೆ, ನಂಟಿಗೆ ಸೇರಿದ್ದು: ‘ವಾಚ್ ಕ್ಲೋಸ್ಲಿ’ ಎಂದರೆ ಕಣ್ಣಿಟ್ಟು ನೋಡು, ‘ಸಿಟ್ ಕ್ಲೋಸ್’ ಎಂದರೆ ಒತ್ತಿಕೊಂಡು ಕೂರು.