ಮದ್ದು ಗೊತ್ತಿಲ್ಲದವರು ಡಾಕ್ಟರನ್ನು ಅಳೆಯುವುದು ಹೇಗೆ?

ಪ್ರಶ್ನೆ: ಮನೆಯವರೆಲ್ಲ ಹತ್ತಿರದ ಒಂದೇ ಕ್ಲಿನಿಕ್‌ಗೆ ಹೋಗುತ್ತೇವೆ. ಡಾಕ್ಟರು ನಗುತ್ತಾ ಮಾತಾಡುತ್ತಾರೆ, ಕೇಳಿದ ಮಾತ್ರೆ ಬರೆದುಕೊಡುತ್ತಾರೆ. ಆದರೆ ಚಿಕಿತ್ಸೆ ಸರಿಯಾಗಿದೆಯೋ ಇಲ್ಲವೋ ನಮ್ಮಂಥವರಿಗೆ ಗೊತ್ತಾಗುವುದು ಹೇಗೆ?

ಉತ್ತರ: ಕೇಳಿದ ಮಾತ್ರೆ ಬರೆದುಕೊಡುತ್ತಾರೆ ಎಂದಿರಲ್ಲ, ನನಗೆ ಅನುಮಾನ ಬಂದದ್ದು ಅಲ್ಲೇ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮ ಡಾಕ್ಟರ ಬಗ್ಗೆ ಅತಿ ಹೆಚ್ಚು ತೃಪ್ತಿ ಹೇಳಿಕೊಂಡವರೇ ಔಷಧಿಗೆ ಹೆಚ್ಚು ಖರ್ಚು ಮಾಡಿದ್ದರು, ಆಸ್ಪತ್ರೆಗೂ ಹೆಚ್ಚು ಸೇರಿದ್ದರು. ಅವರಲ್ಲಿ ಸಾವಿನ ಪ್ರಮಾಣವೂ ಹೆಚ್ಚಿತ್ತು. ತೃಪ್ತಿಯೇ ಅದಕ್ಕೆ ಕಾರಣ ಎಂದು ಹೇಳಲಾಗದು. ಆದರೆ ನಗುಮುಖವೊಂದನ್ನೇ ಅಳತೆಗೋಲು ಮಾಡಿಕೊಳ್ಳಬಾರದು ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಕಾಯಿಲೆ ವಾಸಿಯಾಯಿತೇ ಎಂದು ನೋಡಬಹುದಲ್ಲ? ಅದೂ ಮೋಸ ಮಾಡುತ್ತದೆ. ತಾನಾಗಿಯೇ ಇಳಿಯುವ ಜ್ವರಕ್ಕೆ ಇಳಿಯುವ ಹಿಂದಿನ ದಿನ ಮದ್ದು ಕೊಟ್ಟರೆ ಯಾರ ಕೈಗುಣವೂ ಚೆನ್ನಾಗಿಯೇ ಕಾಣುತ್ತದೆ. ಆರೈಕೆಯ ಗುಣಮಟ್ಟವನ್ನು ವ್ಯವಸ್ಥೆ, ಕೆಲಸದ ರೀತಿ, ಫಲಿತಾಂಶ ಎಂದು ಮೂರು ಕಡೆಯಿಂದ ನೋಡಬೇಕೆಂದು ವೈದ್ಯ, ಸಂಶೋಧಕ ಅವೆಡಿಸ್ ಡೊನಾಬೆಡಿಯನ್ 1966ರಲ್ಲೇ ಬರೆದಿದ್ದರು. ಇದರಲ್ಲಿ ರೋಗಿಯ ಕಣ್ಣಿಗೆ ನೇರವಾಗಿ ಬೀಳುವುದು ನಡುವಿನದು, ಕೆಲಸದ ರೀತಿ.

ಬಿಪಿ ನೋಡುವುದನ್ನೇ ಗಮನಿಸಿ. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇರಿಸಿ, ಬರಿ ತೋಳಿಗೆ ಪಟ್ಟಿ ಸುತ್ತಬೇಕು. ಆಗ ಯಾರೂ ಮಾತಾಡಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಹಾಕಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮೆಟ್ಟಿಲು ಹತ್ತಿ ಬಂದವರಿಗೆ ಆ ಕ್ಷಣವೇ ಅಂಗಿಯ ಮೇಲೆ ಪಟ್ಟಿ ಸುತ್ತಿ, ಆ ಒಂದು ಸಂಖ್ಯೆ ನಂಬಿ ಮಾತ್ರೆ ಹೆಚ್ಚಿಸುವ ಕಡೆ ಬೇರೆ ಕೆಲಸಗಳೂ ಹೀಗೆಯೇ ನಡೆಯುತ್ತಿರಬಹುದು ಎಂದು ನಾನಾದರೆ ಭಾವಿಸುತ್ತೇನೆ.

ಸಕ್ಕರೆ ಕಾಯಿಲೆ ಇರುವವರಿಗೆ ಲೆಕ್ಕ ಇನ್ನೂ ಸುಲಭ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ವರ್ಷಕ್ಕೆ ಎರಡು ಸಲವಾದರೂ ಆಗಬೇಕು. ಪಾದ, ಮೂತ್ರಪಿಂಡಗಳ ತಪಾಸಣೆ ವರ್ಷಕ್ಕೊಮ್ಮೆ ಆಗಬೇಕು, ಕಣ್ಣಿನದೂ ಸಾಮಾನ್ಯವಾಗಿ ಅಷ್ಟೇ. ವರ್ಷಗಟ್ಟಲೆ ಹೋಗುತ್ತಿದ್ದರೂ ಚಪ್ಪಲಿ ಬಿಚ್ಚಿ ಎಂದು ಯಾರೂ ಹೇಳಿಲ್ಲವೆಂದರೆ ನೀವೇ ಕೇಳಿ.

ಇನ್ನು ಮಾತು. 1984ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ರೋಗಿ ಹೇಳಲು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕಿದ್ದರು. ಎಲ್ಲರಿಗೂ ಅವಸರವೇ, ಒಪ್ಪೋಣ. ಆದರೂ ಈಗಾಗಲೇ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ, ಯಾವುದಾದರೂ ಒಗ್ಗುವುದಿಲ್ಲವೇ ಎಂದು ಕೇಳದೆ ಚೀಟಿ ಬರೆಯುವವರ ಬಗ್ಗೆ ಎಚ್ಚರ ಇರಲಿ. ನೆಗಡಿ ವೈರಸ್‌ನಿಂದ ಬರುವುದು, ಆಂಟಿಬಯೋಟಿಕ್ ಅದಕ್ಕೆ ತಾಗುವುದೇ ಇಲ್ಲ. ನೀವು ಒತ್ತಾಯಿಸಿದರೂ ಬೇಡ ಎಂದು ಕಾರಣ ಹೇಳಿದವರ ಮೇಲೆ ಮುನಿಸಿಕೊಳ್ಳಬೇಡಿ.

ನನ್ನ ಪ್ರಕಾರ ಇವೆಲ್ಲಕ್ಕಿಂತ ದೊಡ್ಡ ಗುರುತು, ತಮ್ಮ ಊಹೆ ತಪ್ಪಾಗಿದ್ದರೆ ಏನು ಮಾಡಬೇಕೆಂದು ಡಾಕ್ಟರು ಮೊದಲೇ ಹೇಳಿಡುವುದು. ಎಷ್ಟು ದಿನದಲ್ಲಿ ಕಡಿಮೆಯಾಗಬೇಕು, ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು ಎಂಬ ಎರಡು ಮಾತು ಸಾಕು. ರಕ್ತಪರೀಕ್ಷೆಯ ವರದಿ ಬಂದ ಮೇಲೆ ಯಾರು ತಿಳಿಸುತ್ತಾರೆ ಎಂಬುದೂ ಸ್ಪಷ್ಟವಿರಬೇಕು. ಸುದ್ದಿ ಬರಲಿಲ್ಲ, ಹಾಗಾಗಿ ಎಲ್ಲ ಸರಿಯಿದೆ ಎಂದುಕೊಳ್ಳುವುದು ಅಪಾಯ. ವರದಿ ಎಲ್ಲೋ ಕಡತದಲ್ಲಿ ಉಳಿದಿರಬಹುದು.

ಹಲವು ಡಾಕ್ಟರುಗಳಿರುವ ಕ್ಲಿನಿಕ್ ಆದರೆ ಸಾಧ್ಯವಾದಷ್ಟೂ ಒಬ್ಬರನ್ನೇ ಕಾಣಿ. 2018ರಲ್ಲಿ 22 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಅವುಗಳಲ್ಲಿ 18ರಲ್ಲಿ ಹೀಗೆ ಒಬ್ಬರ ಬಳಿಯೇ ಹೋಗುತ್ತಿದ್ದವರಲ್ಲಿ ಸಾವಿನ ಪ್ರಮಾಣ ಕಡಿಮೆ ಕಂಡಿತ್ತು. ಕುರ್ಚಿ, ಏಸಿ, ಹೊಳೆಯುವ ನೆಲ ಇವನ್ನೆಲ್ಲ ಲೆಕ್ಕಕ್ಕೆ ತರಬೇಡಿ. ಮುಟ್ಟುವ ಮುಂಚೆ ಕೈ ತೊಳೆದರೇ ಎಂದಷ್ಟೇ ನೋಡಿ.

ಇಷ್ಟಾದರೂ ಅನುಮಾನ ಉಳಿದರೆ, ಇನ್ನೊಬ್ಬರ ಅಭಿಪ್ರಾಯ ಕೇಳಬೇಕೆಂದಿದ್ದೇನೆ, ನನ್ನ ದಾಖಲೆಗಳ ಪ್ರತಿ ಕೊಡುತ್ತೀರಾ ಎಂದು ಕೇಳಿ. ಒಳ್ಳೆಯ ಡಾಕ್ಟರು ಯಾರ ಬಳಿ ಹೋಗಬಹುದೆಂದು ತಾವೇ ಹೇಳುತ್ತಾರೆ.