ಓವರ್‌ಮಾರೋ: ಇಂಗ್ಲಿಷ್ ಕಳೆದುಕೊಂಡ ‘ನಾಡಿದ್ದು’

‘ನಾಡಿದ್ದು ಬರ್ತೀನಿ’ ಎಂದು ಫೋನಿನಲ್ಲಿ ಎರಡೇ ಮಾತಲ್ಲಿ ಹೇಳಿ ಮುಗಿಸುತ್ತೇವೆ. ಇಂಗ್ಲಿಷಿನಲ್ಲಾದರೆ ನಾಡಿದ್ದಿಗೇ ನಾಲ್ಕು ಪದ ಬೇಕು: ‘ದ ಡೇ ಆಫ್ಟರ್ ಟುಮಾರೋ’. ಅಷ್ಟು ದೊಡ್ಡ ಭಾಷೆಯಲ್ಲಿ ಇದಕ್ಕೊಂದು ಪುಟ್ಟ ಪದ ಇಲ್ವಾ? ಒಂದು ಕಾಲಕ್ಕೆ ಇತ್ತು. ಅದೇ ‘ಓವರ್‌ಮಾರೋ’.

ಇಂಗ್ಲಿಷಿನಲ್ಲಿ ಇಡೀ ಬೈಬಲ್ ಮೊದಲು ಅಚ್ಚಾಗಿದ್ದು 1535ರಲ್ಲಿ. ಅನುವಾದಕ ಮೈಲ್ಸ್ ಕವರ್‌ಡೇಲ್. ಅದರಲ್ಲಿ ತೋಬಿಯಾಸ್ ಎಂಬ ಯುವಕನ ಮದುವೆಯ ರಾತ್ರಿಯ ಕತೆ ಬರುತ್ತದೆ. ಹುಡುಗಿ ಸಾರಾಳ ಏಳು ಗಂಡಂದಿರನ್ನು ಅದಕ್ಕೂ ಮುಂಚೆ ಒಂದು ದೆವ್ವ ಕೊಂದಿರುತ್ತದೆ. ತೋಬಿಯಾಸ್ ಅವಳನ್ನು ಎಬ್ಬಿಸಿ, ಇವತ್ತು, ನಾಳೆ, ‘ಓವರ್‌ಮಾರೋ’ ದೇವರನ್ನು ಬೇಡೋಣ ಎನ್ನುತ್ತಾನೆ. ಮೂರು ರಾತ್ರಿ, ಮೂರು ಪದ. ಎಷ್ಟು ಚೆಂದ ಕೂತಿದೆ ನೋಡಿ! 1611ರ ಇನ್ನೊಂದು ಇಂಗ್ಲಿಷ್ ಅನುವಾದ, ಕಿಂಗ್ ಜೇಮ್ಸ್ ಬೈಬಲಿನ ಅದೇ ಸಾಲಿನಲ್ಲಿ ಈ ಮೂರೂ ಇಲ್ಲ.

ಕವರ್‌ಡೇಲ್ ಜರ್ಮನ್ ಮತ್ತು ಲ್ಯಾಟಿನ್ ಪಠ್ಯಗಳನ್ನು ಇಟ್ಟುಕೊಂಡು ಕೆಲಸ ಮಾಡಿದವರು. ಈ ಪದದ ಒಡಹುಟ್ಟು ಜರ್ಮನ್ನಿನ ‘ಯೂಬರ್‌ಮಾರ್ಗೆನ್’. ಡಚ್ಚರಲ್ಲೂ, ಸ್ವೀಡನ್ನಿನವರಲ್ಲೂ ಇಂಥದೇ ಪದವಿದೆ. ಅಲ್ಲೆಲ್ಲ ಅದು ಇಂದಿಗೂ ದಿನಬಳಕೆಯ ಮಾತು.

ಇನ್ನು ‘ಮಾರೋ’ ಎಲ್ಲಿಂದ ಬಂತು? ಹಳೆಯ ಇಂಗ್ಲಿಷಿನಲ್ಲಿ ‘ಮೊರ್ಗೆನ್’ ಎಂದರೆ ಬೆಳಗ್ಗೆ. ಬಾಯಿಂದ ಬಾಯಿಗೆ ಸವೆದು ಅದು ‘ಮೊರ್ವೆನ್’ ಆಯಿತು, ಕೊನೆಗೆ ‘ಮಾರೋ’ ಆಯಿತು. ‘ಈವ್ನಿಂಗ್’ ಪದವನ್ನು ನೋಡಿ ಅದೇ ‘ಮೊರ್ವೆನ್’ಗೆ ‘ಇಂಗ್’ ಅಂಟಿಸಿದಾಗ ‘ಮಾರ್ನಿಂಗ್’ ಹುಟ್ಟಿತು. ಅಂದರೆ ಟುಮಾರೋ, ಮಾರ್ನಿಂಗ್ ಎರಡೂ ಒಂದೇ ಬೇರಿನ ಚಿಗುರು. ರಾತ್ರಿ ಮಲಗಿದವರಿಗೆ ನಾಳೆ ಎಂದರೆ ಮುಂದಿನ ಬೆಳಗು ತಾನೆ? ಜರ್ಮನ್ನಿನಲ್ಲಿ ಈಗಲೂ ಎರಡಕ್ಕೂ ‘ಮಾರ್ಗೆನ್’ ಎಂದೇ ಹೆಸರು. ಅದಕ್ಕೇ ಅವರು ‘ನಾಳೆ ಬೆಳಗ್ಗೆ’ ಎನ್ನಲು ‘ಮಾರ್ಗೆನ್ ಮಾರ್ಗೆನ್’ ಎನ್ನದೆ ‘ಮಾರ್ಗೆನ್ ಫ್ರ್ಯೂ’, ಅಂದರೆ ‘ನಾಳೆ ಬೇಗ’ ಎನ್ನುತ್ತಾರೆ. ಹಿಂದಿಯ ‘ಕಲ್’ ಕೂಡ ಬೆಳಗು ಎಂಬ ಅರ್ಥದ ಸಂಸ್ಕೃತದ ‘ಕಲ್ಯ’ದಿಂದ ಬಂದದ್ದು. ನಮ್ಮ ‘ನಾಳೆ’ಯ ದಾರಿ ಮಾತ್ರ ಬೇರೆ. ಅದರ ಬೇರು ‘ನಾಳ್’, ಅಂದರೆ ದಿನ.

ನಮ್ಮ ‘ಮೊನ್ನೆ’ಗೂ ಆಗ ಇಂಗ್ಲಿಷಿನಲ್ಲಿ ಒಂದು ಜೋಡಿ ಪದವಿತ್ತು, ‘ಎರ್‌ಯೆಸ್ಟರ್‌ಡೇ’. ಅದೂ ಬಳಕೆ ತಪ್ಪಿತು. ಇತ್ತೀಚೆಗೆ ನಮ್ಮನೆ ಹುಡುಗಿಯೊಬ್ಬಳು ‘ನಾಳೆ ಆದ್ಮೇಲೆ ನಾಳೆ’ ಎಂದಳು. ‘ನಾಡಿದ್ದು’ ಅನ್ನು ಎಂದೆ. ಎರಡು ಸಲ ಬಾಯಲ್ಲಿ ಹೊರಳಿಸಿ, ಅದರಾಚೆ ದಿನಕ್ಕೆ ಏನಂತಾರೆ ಎಂದು ಕೇಳಿದಳು. ‘ಆಚೆ ನಾಡಿದ್ದು’ ಎಂದು ಹೇಳಿಕೊಟ್ಟೆ.