ಹಿತ್ತಲಿನ ತಗಡು ಶೆಡ್ಡಿಗೆ ಇಂಟರ್ನೆಟ್: ತಾಮ್ರ ಬೇಡ, ಗಾಜಿನೆಳೆ ಎಳೆಯಿರಿ

ಗೋವಾದ ಫೋಂಡಾ, ಮಾಪುಸಾ, ವಾಸ್ಕೊ ಕಡೆ ಗ್ರಿಲ್ ಕೆಲಸವನ್ನೋ ಗ್ಯಾರೇಜನ್ನೋ ನಡೆಸುವ ಕನ್ನಡಿಗರಲ್ಲಿ ಹಲವರಿಗೆ ಈ ತೊಂದರೆ ಗೊತ್ತು. ಮುಂದೆ ಕೆಂಪುಕಲ್ಲಿನ ಮನೆ, ಹಿಂದೆ ಮೂವತ್ತು ಮೀಟರ್ ಆಚೆ ತಗಡಿನ ಶೆಡ್ಡು. ರೌಟರ್ ಇರುವುದು ಮನೆಯ ಹಾಲಿನಲ್ಲಿ. ಶೆಡ್ಡಿಗೆ ಹೋದರೆ ಗಿರಾಕಿ ಕಳಿಸಿದ ಡಿಸೈನ್ ಫೋಟೊ ತೆರೆಯುವುದೇ ಇಲ್ಲ.

ದೂರವೇ ಕಾರಣ ಎಂದುಕೊಂಡು ದೊಡ್ಡ ಆಂಟೆನಾದ ರೌಟರ್ ತರುವವರೇ ಹೆಚ್ಚು. ಲೆಕ್ಕ ಬೇರೆಯೇ ಹೇಳುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ 100 ಮಿಲಿವ್ಯಾಟ್ ಹೊರಸೂಸುವ ರೌಟರ್‌ನಿಂದ 30 ಮೀಟರ್ ದೂರ, ಬಟ್ಟಬಯಲಿನಲ್ಲಿರುವ ಫೋನಿಗೆ ಸುಮಾರು ಮೈನಸ್ 50 ಡಿಬಿಎಂ ಸಿಗ್ನಲ್ ಸಿಗಬೇಕು. ಡಿಬಿಎಂ ಎಂದರೆ ಸಿಗ್ನಲ್ ಬಲದ ಅಳತೆ, ಮೈನಸ್ ಮುಂದಿನ ಅಂಕಿ ಹೆಚ್ಚಿದಷ್ಟೂ ಬಲ ಕಡಿಮೆ. ಮೈನಸ್ 67ರವರೆಗೆ ವಿಡಿಯೊ ಕರೆ ಸಲೀಸಾಗಿ ನಡೆಯುತ್ತದೆ. ಮೈನಸ್ 80ಕ್ಕೆ ಇಳಿದರೆ ಫೋನಿನಲ್ಲಿ ಸಿಗ್ನಲ್ ಕಡ್ಡಿ ಕಂಡರೂ ಕೆಲಸವಾಗದು. ಪ್ರತಿ 10 ಡಿಬಿಗೆ ಶಕ್ತಿ ಹತ್ತರಲ್ಲಿ ಒಂದು ಪಾಲಾಗುವುದರಿಂದ 50ಕ್ಕೂ 80ಕ್ಕೂ ಸಾವಿರ ಪಟ್ಟು ಅಂತರ. ಅಷ್ಟನ್ನೂ ನುಂಗುವುದು ಗಾಳಿಯಲ್ಲ, ಗೋಡೆ ಮತ್ತು ತಗಡು.

ಕೆಂಪುಕಲ್ಲಿನ ಮೈತುಂಬ ತೂತು. ಮಳೆಗಾಲದಲ್ಲಿ ಅದು ನೀರು ಕುಡಿದು ಕೂರುತ್ತದೆ, ನೀರು ಈ ಅಲೆಗಳನ್ನು ಹೀರುತ್ತದೆ. ಮೇ ತಿಂಗಳಲ್ಲಿ ಹೇಗೋ ಬರುತ್ತಿದ್ದ ಸಿಗ್ನಲ್ ಜುಲೈನಲ್ಲಿ ಕೈಕೊಡುವುದು ಇದರಿಂದಲೇ ಇರಬಹುದು. ತಗಡಂತೂ ಪೂರಾ ಅಡ್ಡಿ: ಸತುವಿನ ಲೇಪದೊಳಗೆ ಎರಡು-ಮೂರು ಮೈಕ್ರಾನ್ ಇಳಿಯುವಷ್ಟರಲ್ಲಿ ಅಲೆಯ ಮುಕ್ಕಾಲಿಗೂ ಹೆಚ್ಚು ಶಕ್ತಿ ಹೋಗಿರುತ್ತದೆ, ತಗಡಿನ ದಪ್ಪವೋ ಅರ್ಧ ಮಿಲಿಮೀಟರ್. ಲೋಹದ ಪಂಜರದೊಳಕ್ಕೆ ಹೊರಗಿನ ವಿದ್ಯುತ್ ಕ್ಷೇತ್ರ ನುಸುಳದೆಂದು ಮೈಕೆಲ್ ಫ್ಯಾರಡೆ 1836ರಲ್ಲೇ ತೋರಿಸಿದ್ದ. ಶಟರ್ ಎತ್ತಿದಾಗ ಬಂದ ನೆಟ್ ಇಳಿಸಿದೊಡನೆ ಮಾಯವಾದರೆ ರೌಟರನ್ನು ಬೈಯಬೇಡಿ.

ವೈಫೈ ಸಿಗ್ನಲ್ ಹಿಡಿದು ಮತ್ತೆ ಬಿತ್ತರಿಸುವ ರಿಪೀಟರನ್ನು ಸಿಗ್ನಲ್ ಇಲ್ಲದ ಶೆಡ್ಡಿನೊಳಗೇ ಸಿಕ್ಕಿಸಿದರೆ ಪ್ರಯೋಜನವಿಲ್ಲ. ತಾನೇ ಕೇಳಿಸಿಕೊಳ್ಳದ್ದನ್ನು ಅದು ಮುಂದಕ್ಕೆ ಹೇಳುವುದು ಹೇಗೆ? ಸರಿಯಾದ ಜಾಗದಲ್ಲಿಟ್ಟರೂ ಒಂದೇ ರೇಡಿಯೊ ಕೇಳುವ, ಹೇಳುವ ಎರಡೂ ಕೆಲಸ ಮಾಡುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಕರೆಂಟಿನ ವೈರಿನಲ್ಲೇ ನೆಟ್ ಹಾಯಿಸುವ ಅಡಾಪ್ಟರ್‌ಗಳು ಮನೆಗೂ ಶೆಡ್ಡಿಗೂ ಒಂದೇ ಮೀಟರ್ ಇದ್ದಾಗ ಮಾತ್ರ ಲಾಯಕ್ಕು. ವೆಲ್ಡಿಂಗಿಗೆಂದು ಬೇರೆ ತ್ರೀ ಫೇಸ್ ಮೀಟರ್ ಹಾಕಿಸಿದ್ದರೆ ಅವುಗಳ ಆಸೆ ಬಿಡಿ.

ಉಳಿದದ್ದು ಕೇಬಲ್. ರೌಟರಿಗೆ ಸಿಕ್ಕಿಸುವ ಮಾಮೂಲಿ ತಾಮ್ರದ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ಹಾಗಾಗಿ 30 ಮೀಟರ್ ಏನೂ ಅಲ್ಲ. ಆದರೂ ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಬೇಡ. ಮನೆಗೊಂದು ಅರ್ಥಿಂಗ್, ಶೆಡ್ಡಿಗೊಂದು ಅರ್ಥಿಂಗ್ ಇರುವಲ್ಲಿ ಅಪಾಯ ಹುಟ್ಟುವುದು ಸಿಡಿಲಿನಿಂದ. ಶೆಡ್ಡಿನ ಅರ್ಥಿಂಗ್ ಗುಂಡಿಗೆ 10 ಓಮ್ ರೋಧವಿದೆ, ಅದರ ಮೂಲಕ 20 ಸಾವಿರ ಆಂಪಿಯರ್ ಇಳಿಯಿತು ಎನ್ನಿ. ಆ ಒಂದು ಕ್ಷಣ ಶೆಡ್ಡಿನ ಅರ್ಥಿಂಗ್ ದೂರದ ನೆಲಕ್ಕಿಂತ 2 ಲಕ್ಷ ವೋಲ್ಟ್ ಮೇಲೇರುತ್ತದೆ. ಮನೆಯ ಕಡೆಗೆ ಅದಕ್ಕೆ ಸಿಗುವ ಸುಲಭದ ದಾರಿ ನಿಮ್ಮ ಕೇಬಲ್. ಈಥರ್ನೆಟ್ ಪೋರ್ಟಿನ ಪುಟ್ಟ ಟ್ರಾನ್ಸ್‌ಫಾರ್ಮರ್ ತಡೆಯಲು ಬದ್ಧವಾಗಿರುವುದು 1500 ವೋಲ್ಟ್ ಮಾತ್ರ. ಸಿಡಿಲು ಶೆಡ್ಡಿಗೇ ಬಡಿಯಬೇಕೆಂದೂ ಇಲ್ಲ. ಆಚೆ ತೆಂಗಿನ ಮರಕ್ಕೆ ಬಡಿದರೂ ಉದ್ದದ ತಂತಿಯಲ್ಲಿ ಸಾವಿರಾರು ವೋಲ್ಟ್ ಪ್ರೇರಿತವಾಗಬಹುದು. ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕಿಳಿಸುವ ಸರ್ಜ್ ಪ್ರೊಟೆಕ್ಟರ್ ಹಾಕಿದರಾಯಿತು ಎನ್ನುವವರಿದ್ದಾರೆ. ಅದರ ಯೋಗ್ಯತೆ ಅರ್ಥಿಂಗಿನಷ್ಟೇ. ಮೇ ತಿಂಗಳ ಗುಡುಗು ಮಳೆ ಬರುವ ಹೊತ್ತಿಗೆ ಕೆಂಪುಕಲ್ಲಿನ ನೆಲ ಒಣಗಿ, ಗುಂಡಿಗೆ ನೀರು ಹಾಕದಿದ್ದರೆ ರೋಧ ವರ್ಷದಲ್ಲೇ ಅತಿ ಹೆಚ್ಚಾಗಿರುತ್ತದೆ.

ತಾಮ್ರದ ಬದಲು ಎಳೆಯಬೇಕಾದದ್ದು ಫೈಬರ್. ಅದು ಗಾಜು, ಅದರಲ್ಲಿ ಹರಿಯುವುದು ಬೆಳಕು, ಕರೆಂಟಲ್ಲ. ಬೇಕಾದ ಸಾಮಾನು ಇಷ್ಟು: ಎರಡೂ ತುದಿಗೆ ಕನೆಕ್ಟರ್ ಕೂಡಿಸಿಯೇ ಬರುವ 50 ಮೀಟರ್ ಸಿಂಗಲ್ ಮೋಡ್ ಡ್ರಾಪ್ ಕೇಬಲ್, ತುದಿಗೊಂದರಂತೆ ಒಂದು ಜೊತೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ರೌಟರಿನ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಿಗ್ನಲಾಗಿ ಬದಲಿಸುವ ಡಬ್ಬಿ), 25 ಮಿಲಿಮೀಟರ್ ಪಿವಿಸಿ ಪೈಪು. ಕೇಬಲ್ ಒಳಗಿನ ಆಧಾರ ತಂತಿ ಉಕ್ಕಿನದಾಗಿರಬಾರದು. ಉಕ್ಕು ಇದ್ದರೆ ತಾಮ್ರದ ತಾಪತ್ರಯವೇ ಮತ್ತೆ ಒಳಬಂದಂತೆ. ಗಾಜಿನ ನಾರಿನ ಆಧಾರವಿರುವುದನ್ನು ಕೇಳಿ ತನ್ನಿ. ಒಂದೇ ಎಳೆಯಲ್ಲಿ ಹೋಗಿಬರುವ ಕನ್ವರ್ಟರ್‌ಗಳಲ್ಲಿ ಒಂದು ಎ, ಇನ್ನೊಂದು ಬಿ: ಒಂದು 1310 ನ್ಯಾನೊಮೀಟರ್ ಬೆಳಕು ಕಳಿಸಿ 1550 ಕೇಳುತ್ತದೆ, ಇನ್ನೊಂದು ಅದರ ತಿರುಗುಮುರುಗು. ಎರಡು ಎ ತಂದರೆ ಲಿಂಕ್ ದೀಪ ಹತ್ತುವುದೇ ಇಲ್ಲ. ಡಬ್ಬಿಯ ಮೇಲೆ 10/100 ಎಂದಷ್ಟೇ ಬರೆದಿದ್ದರೆ ವೇಗ 100 ಎಂಬಿಪಿಎಸ್ ದಾಟದು. ಹಸಿರು ಕನೆಕ್ಟರಿನ ಮುಖ ಓರೆಯಾಗಿರುತ್ತದೆ, ನೀಲಿಯದು ನೇರ. ಹಸಿರನ್ನು ನೀಲಿಗೆ ತುರುಕಿದರೆ ಮುಖಗಳು ಕೂಡದೆ ಬೆಳಕು ಸೋರುತ್ತದೆ.

ಪೈಪನ್ನು ಒಂದೂವರೆ ಅಡಿ ಆಳಕ್ಕೆ, ನೀರು ಒಂದು ಕಡೆ ಹರಿದುಹೋಗುವಂತೆ ತುಸು ಓಟ ಕೊಟ್ಟು ಹೂಳಿ. ತಿರುವಿಗೆ ಎಲ್ಬೋ ಬೇಡ, ಉದ್ದ ಬೆಂಡ್ ಇರಲಿ. ಎಳೆಯುವಾಗ ಹಗ್ಗ ಕಟ್ಟಬೇಕಾದದ್ದು ಕೇಬಲ್ಲಿನ ಆಧಾರ ನಾರಿಗೆ, ಕನೆಕ್ಟರಿಗಲ್ಲ. ಮಾಮೂಲಿ ಫೈಬರನ್ನು 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಬಾರದು. ಬೆಳಕು ಹರಿಯುವ ನಡುವಿನ ಭಾಗ ಬರೀ 9 ಮೈಕ್ರಾನ್ ಅಗಲ. ಗ್ರೈಂಡರ್ ಹಾರಿಸುವ ಧೂಳಿನ ಒಂದೇ ಕಣ ಅದನ್ನು ಮುಚ್ಚಿಬಿಡಬಹುದು. ಹಾಗಾಗಿ ಕನ್ವರ್ಟರ್ ಮುಚ್ಚಳದ ಡಬ್ಬಿಯಲ್ಲಿರಲಿ, ಕನೆಕ್ಟರಿನ ಕ್ಯಾಪನ್ನು ಕೊನೆಯ ಗಳಿಗೆಯಲ್ಲಿ ತೆಗೆಯಿರಿ, ತುದಿಯನ್ನು ಬೆರಳಿನಿಂದ ಮುಟ್ಟಬೇಡಿ. ತುದಿಯೊಳಗೆ ಇಣುಕಲೂ ಬೇಡಿ, ಆ ಬೆಳಕು ಕಣ್ಣಿಗೆ ಕಾಣದು.

ನಡುವೆ ರಸ್ತೆ ಅಥವಾ ಬೇರೆಯವರ ಜಾಗ ಇದ್ದು ಅಗೆಯಲಾಗದಿದ್ದರೆ, ಎದುರುಬದುರು ಕೂತು ತಂತಿಯಿಲ್ಲದೆ ನೆಟ್ ದಾಟಿಸುವ ಒಂದು ಜೊತೆ ಆಂಟೆನಾ, ಅಂದರೆ 5 ಗಿಗಾಹರ್ಟ್ಸ್ ವೈರ್‌ಲೆಸ್ ಬ್ರಿಜ್ ಇದೆ. ಕಣ್ಣಿಗೆ ಕಂಡರೆ ಸಾಲದು: 100 ಮೀಟರ್ ಅಂತರಕ್ಕೆ ನಡುಮಧ್ಯದಲ್ಲಿ, ನೋಟದ ಗೆರೆಯ ಸುತ್ತ ಮುಕ್ಕಾಲು ಮೀಟರ್‌ನಷ್ಟಾದರೂ ಖಾಲಿ ಇರಬೇಕು. ಬೇಸಿಗೆಯಲ್ಲಿ ಕೂರಿಸಿದ್ದು ಮಳೆಗಾಲದಲ್ಲಿ ಕೆಟ್ಟರೆ ಸುರಿವ ಮಳೆಯನ್ನು ದೂರುವುದು ವಾಡಿಕೆ. ಇಷ್ಟು ದೂರಕ್ಕೆ ಮಳೆಹನಿಗಳ ಪಾಲು ನಗಣ್ಯ. ಅಡ್ಡಬರುವುದು ಹೊಸದಾಗಿ ಚಿಗುರಿದ ಒದ್ದೆ ಎಲೆ, ಇಲ್ಲವೇ ಕೇಬಲ್ ಜಾರಿ ಕನೆಕ್ಟರಿಗಿಳಿದ ನೀರು. ಕೇಬಲ್ಲನ್ನು ಕೆಳಗೆ ಜೋತುಬಿಟ್ಟು ಮೇಲಕ್ಕೆ ತಿರುಗಿಸಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಉಪಕರಣ ತಗಡಿನ ಹೊರಗಿರಬೇಕೆಂದು ಬೇರೆ ಹೇಳಬೇಕಿಲ್ಲ.

ಶೆಡ್ಡಿನೊಳಗೆ ಹಳೆಯ ರೌಟರೇ ಸಾಕು. ಅದನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ, ಅಂದರೆ ಬರೀ ವೈಫೈ ಹರಡುವ ಕೆಲಸಕ್ಕೆ ಹಾಕಿ. ಆ ಮೋಡ್ ಇಲ್ಲದಿದ್ದರೆ ಫೋನು, ಲ್ಯಾಪ್‌ಟಾಪುಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿ ನಿಲ್ಲಿಸಿ, ಈ ರೌಟರಿನ ಸ್ವಂತ ವಿಳಾಸವನ್ನು ಮನೆಯ ರೌಟರಿನದಕ್ಕಿಂತ ಬೇರೆ ಮಾಡಿ, ಕನ್ವರ್ಟರಿನಿಂದ ಬರುವ ಕೇಬಲ್ಲನ್ನು ಹೊರಗಿನ ಇಂಟರ್ನೆಟ್ಟಿಗೆಂದು ಇರುವ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಚುಚ್ಚಿ. ಎರಡೂ ರೌಟರ್ ವಿಳಾಸ ಹಂಚತೊಡಗಿದರೆ ನೆಟ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಇಂಥ ದೋಷ ಹುಡುಕುವುದೇ ಕಷ್ಟ.

ವೆಲ್ಡಿಂಗ್ ಮಷಿನ್ ಶುರುವಾದಾಗ ಅಥವಾ ಕಂಪ್ರೆಸರ್ ಚಾಲೂ ಆದಾಗ ವೋಲ್ಟೇಜ್ ಕುಸಿದು ರೌಟರ್ ರೀಸ್ಟಾರ್ಟ್ ಆಗಬಹುದು. ಮನೆಯಲ್ಲೊಂದು, ಶೆಡ್ಡಿನಲ್ಲೊಂದು ರೌಟರ್ ಯುಪಿಎಸ್ ಬೇಕು. ಕೊಳ್ಳುವ ಮೊದಲು ಅಡಾಪ್ಟರುಗಳ ಮೇಲಿನ ವೋಲ್ಟ್ ನೋಡಿ. ರೌಟರಿನದು ಹೆಚ್ಚಾಗಿ 12, ಕನ್ವರ್ಟರಿನದು 5.

ನೆಟ್ ನಿಂತಾಗ ಶೆಡ್ಡಿನಿಂದ ಮೊದಲು ಮನೆಯ ರೌಟರಿಗೆ ಪಿಂಗ್ ಮಾಡಿ, ಅಂದರೆ ಲ್ಯಾಪ್‌ಟಾಪಿನಿಂದ ಒಂದು ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡಿ. ಸಾಮಾನ್ಯವಾಗಿ ಅದರ ವಿಳಾಸ 192.168.1.1 ಅಥವಾ 192.168.0.1. ಆಮೇಲೆ ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರಿನ ವಿಳಾಸವಾದ 8.8.8.8ಕ್ಕೆ. ಮೊದಲನೆಯದು ಒಂದೆರಡು ಮಿಲಿಸೆಕೆಂಡಿನಲ್ಲಿ ಬಂದು ಎರಡನೆಯದು ಬಾರದಿದ್ದರೆ ದೋಷ ನಿಮ್ಮ ಅಂಗಳದಲ್ಲಿಲ್ಲ, ಕಂಪನಿಗೆ ಫೋನ್ ಮಾಡಿ. ಮೊದಲನೆಯದೇ ಬಾರದಿದ್ದರೆ ಲ್ಯಾಪ್‌ಟಾಪನ್ನು ಶೆಡ್ಡಿನ ಕನ್ವರ್ಟರಿಗೆ ನೇರ ಜೋಡಿಸಿ ಮತ್ತೊಮ್ಮೆ ನೋಡಿ. ಆಗ ಬಂದರೆ ತಪ್ಪು ಶೆಡ್ಡಿನ ರೌಟರಿನದು. ಆಗಲೂ ಬಾರದಿದ್ದರೆ ಫೈಬರಿನ ಎರಡು ತುದಿಗಳನ್ನು ಬಿಚ್ಚಿ ಒರೆಸುವುದರಿಂದ ಶುರುಮಾಡಿ.